ಗೋಣಿತಾಟಿನ ಹಿಂದಿನ ದನಿ

ಡಂಡಿ ನಗರದ ಸೆಣಬಿನ ಗಿರಣಿಗಳ ಚರಿತ್ರೆಯನ್ನು ಬರೆದವರು ಬಹಳ ಮಂದಿ ಇದ್ದಾರೆ. ಗಿರಣಿ ಕಟ್ಟಿಸಿದವರ ಹೆಸರು ಬೀದಿಗಳಿಗಿದೆ, ಚಿಮಣಿಗಳ ಎತ್ತರ ಪುಸ್ತಕಗಳಲ್ಲಿದೆ, ಮುಷ್ಕರಗಳ ತಾರೀಖು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಮಗ್ಗಗಳ ಮುಂದೆ ಮೂವತ್ತು ನಲವತ್ತು ವರ್ಷ ನಿಂತ ಹೆಂಗಸರ ಕಿವಿಗೆ ಏನಾಯಿತೆಂಬುದನ್ನು, ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಅಳೆದು ಬರೆದಿಟ್ಟು, ಅದು ವಯಸ್ಸಿನ ದೋಷವಲ್ಲ, ದುಡಿಮೆಯ ಗಾಯ ಎಂದು ಕಾನೂನಿನ ಮುಂದೆ ಒಪ್ಪಿಸಿದವರು, ನಾನು ಕಂಡಂತೆ, ಒಬ್ಬರೇ. ಅವರು ಬರುವ ತಿಂಗಳು ಕಾರ್ಮಿಕ ಸಂಘದ ಶ್ರವಣ ಕೇಂದ್ರದಿಂದ ನಿವೃತ್ತರಾಗುತ್ತಿರುವ ಸಿಸ್ಟರ್ ಎಲ್ಸ್‌ಪೆತ್ ಲಾಮಂಡ್ ಅವರು.

ಈ ಅಭಿನಂದನಾ ಸಂಪುಟಕ್ಕೆ ಬರೆಯಬೇಕೆಂದು ಸಂಪಾದಕರು ನನ್ನನ್ನು ಕೇಳಿದ್ದು, ಸಿಸ್ಟರ್ ಅವರ ಕೈಕೆಳಗೆ ಇಪ್ಪತ್ತೊಂದು ವರ್ಷ ಕೆಲಸ ಮಾಡಿದವಳೆಂಬ ಕಾರಣಕ್ಕೆ. ನಾನು ಒಪ್ಪಿದ ಕಾರಣ ಬೇರೆ. ಅವರು ಮೊಟ್ಟಮೊದಲು ಅಳೆದ ಕಿವಿ ನನ್ನ ತಾಯಿಯದು. ವಿಷಯ ತಿಳಿಸಿದಾಗ ಸಿಸ್ಟರ್ ಸಂತೋಷಪಡಲಿಲ್ಲ.

“ಧೈರ್ಯ, ದಿಟ್ಟತನ ಅಂತೆಲ್ಲಾ ಹಾಕ್ಬೇಡ ಮೊರಾಗ್, ಓದಿದೋರು ನಗ್ತಾರೆ. ಸಿಸ್ಟರ್ ಹೆದ್ರಿಕೊಂಡಿದ್ಲು ಅಂತ ಬರಿ. ನಾಲ್ಕು ವರ್ಷ ಹೆದ್ರಿಕೊಂಡಿದ್ಲು ಅಂತ, ವರ್ಷ ಸಮೇತ ಬರಿ.”

ಅವರ ಮಾತನ್ನು ಮೀರುವ ಅಭ್ಯಾಸ ನನಗಿಲ್ಲ. ಆದ್ದರಿಂದ ಇದು ಹೆದರಿಕೆಯ ಕಥೆಯೇ. ಇಬ್ಬರು ಮಕ್ಕಳ ಊಟ ಪಾಠಗಳನ್ನು ಮುಗಿಸಿ ಕೂತು ಬರೆದದ್ದಾದ್ದರಿಂದ ವಾಕ್ಯಗಳು ಅಲ್ಲಲ್ಲಿ ತೂಕಡಿಸಿದ್ದರೆ ಓದುಗರು ಮನ್ನಿಸಬೇಕು.

ಆರ್ಬ್ರೋತ್‌ನ ಮೀನುಗಾರರ ಮನೆಯಲ್ಲಿ ಹುಟ್ಟಿ, ದಾದಿಯ ತರಬೇತಿ ಮುಗಿಸಿ, ೧೯೬೬ರಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಬಾಲ್ನಾಡಿ ಗಿರಣಿಯ ಚಿಕಿತ್ಸಾ ಕೋಣೆಗೆ ಬಂದು ಸೇರಿದರು. ಒಂದು ಕಬ್ಬಿಣದ ಮಂಚ, ಒಂದು ಅಯೋಡಿನ್ ಸೀಸೆ, ಬಟ್ಟೆಪಟ್ಟಿಗಳ ತಗಡಿನ ಪೆಟ್ಟಿಗೆ, ಇಷ್ಟೇ ಅಲ್ಲಿದ್ದ ಆಸ್ತಿ. ಮೊದಲ ದಿನ ನೇಯ್ಗೆಯ ಶೆಡ್ಡಿನ ಬಾಗಿಲು ತೆರೆದವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಹಿಂದಕ್ಕೆ ಬಂದರಂತೆ. ನಲವತ್ತಕ್ಕೂ ಹೆಚ್ಚು ಮಗ್ಗಗಳ ಲಾಳಿಗಳು ಒಟ್ಟಿಗೆ ಬಡಿಯುವಲ್ಲಿ ದನಿಯೆಂಬುದು ಕೆಲಸಕ್ಕೆ ಬರುವುದಿಲ್ಲ. ನಮ್ಮ ಹೆಂಗಸರು ಅಲ್ಲಿ ತುಟಿಗಳಿಂದ ಮಾತಾಡುತ್ತಿದ್ದರು. ಬಾಯನ್ನು ಅಗಲಿಸಿ, ಶಬ್ದವಿಲ್ಲದೆ, ನಾಲ್ಕು ಮಗ್ಗದಾಚೆಗಿನವಳೊಂದಿಗೆ ಸಂಸಾರದ ಕಥೆಯನ್ನೆಲ್ಲಾ ಆಡಿ ಮುಗಿಸುತ್ತಿದ್ದರು. ಗಾಜಿನ ಕೋಣೆಯೊಳಗೆ ಮ್ಯಾನೇಜರರು ಫೋನಿನಲ್ಲಿ ಆಡಿದ ಮಾತು ಅವರು ಫೋನು ಇಡುವ ಮೊದಲೇ ಶೆಡ್ಡಿನ ಕೊನೆಗೆ ಮುಟ್ಟಿರುತ್ತಿತ್ತು.

ನನ್ನ ತಾಯಿ ರೀನಾ ಸ್ಟಿವನ್ ಹದಿನೇಳನೆಯ ಮಗ್ಗದವಳು. ಪಕ್ಕದ ಹದಿನೆಂಟನೆಯದರಲ್ಲಿ ಅವಳ ಗೆಳತಿ ಜೆಸ್ಸಿ ಪರ್ಡಿ. ಹೆಂಗಸರು ಗಿರಣಿಗೆ ಹೋಗಿ ಗಂಡಸರು ಮನೆಯಲ್ಲಿ ಕೆಟಲ್ ಕಾಯಿಸುವ ಊರು ನಮ್ಮದು. ನನ್ನ ತಂದೆಯೂ ಹಾಗೆಯೇ ಕೆಟಲ್ ಕಾಯಿಸಿ, ಆಲೂಗೆಡ್ಡೆ ಬೇಯಿಸಿ, ನಮ್ಮ ಮೂವರನ್ನು ನೋಡಿಕೊಂಡು, ೧೯೬೯ರಲ್ಲಿ ಎದೆಯ ಕಾಯಿಲೆಯಿಂದ ತೀರಿಕೊಂಡರು. ಅಲ್ಲಿಂದ ಮುಂದೆ ಹದಿನೇಳನೆಯ ಮಗ್ಗವೊಂದೇ ನಮ್ಮ ನಾಲ್ವರಿಗೂ ಅನ್ನ.

ನಮ್ಮ ಮನೆಯಲ್ಲಿ ಅಮ್ಮನನ್ನು ಯಾರೂ ಬೆನ್ನ ಹಿಂದಿನಿಂದ ಕರೆಯುತ್ತಿರಲಿಲ್ಲ. ಸುತ್ತಿ ಬಂದು ಅವಳ ಮುಖದೆದುರು ನಿಂತು ಮಾತು ಶುರುಮಾಡುವುದು ನಮಗೆ ನಡೆಯಲು ಕಲಿತಷ್ಟೇ ಸಹಜವಾಗಿ ಬಂದಿತ್ತು. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ನನ್ನ ತಮ್ಮ ಡೇವಿಯ ಸೊಂಟಕ್ಕೆ ಒಂದು ಸೆಣಬಿನ ದಾರ ಕಟ್ಟಿ ಅದರ ತುದಿಯನ್ನು ತನ್ನ ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿದ್ದಳು. ಹುಡುಗ ತುಂಟ, ಓಡಿಹೋಗುತ್ತಾನೆ, ಅದಕ್ಕೆ ಕಟ್ಟಿದ್ದಾಳೆ ಎಂದು ನೆರೆಯವರು ತಿಳಿದಿದ್ದರು. ಅವನು ಬಿದ್ದು ಅತ್ತರೆ ಅಮ್ಮನಿಗೆ ಗೊತ್ತಾಗಲು ಬೇರೆ ದಾರಿಯಿರಲಿಲ್ಲ. ಕಿವುಡು ಎಂಬ ಮಾತನ್ನು ಮಾತ್ರ ನಮ್ಮ ಮನೆಯಲ್ಲಿ ಆಡುವಂತಿರಲಿಲ್ಲ.

೧೯೭೨ರ ಮಾರ್ಚ್ ತಿಂಗಳಲ್ಲಿ, ಬಟ್ಟೆಯ ಸುರುಳಿಗಳನ್ನು ಹೇರಿದ ಕೈಗಾಡಿಯೊಂದು, ತಳ್ಳುತ್ತಿದ್ದವನು ಕೂಗಿದರೂ ಕೇಳಿಸದೆ ನಿಂತಿದ್ದ ಜೆಸ್ಸಿಯ ಪಾದದ ಮೇಲೆ ಹಾಯಿತು. ವಾರದೊಳಗೆ ಗೇಟಿನಲ್ಲಿ ನೋಟೀಸು ಬಿತ್ತು: ನೇಯುವವರಿಗೆಲ್ಲ ಶ್ರವಣ ಪರೀಕ್ಷೆ, ಕಿವಿ ಸರಿಯಿಲ್ಲದವರನ್ನು ಅವರದೇ ಸುರಕ್ಷತೆಯ ದೃಷ್ಟಿಯಿಂದ ಮಗ್ಗ ಬಿಡಿಸಿ ಚೀಲ ಹೊಲಿಯುವ ವಿಭಾಗಕ್ಕೆ ಕಳಿಸಲಾಗುವುದು. ಚೀಲ ಹೊಲಿಯುವವರ ಕೂಲಿಯಲ್ಲಿ ಒಂದು ಹೊಟ್ಟೆ ತುಂಬುತ್ತಿತ್ತು, ನಾಲ್ಕು ತುಂಬುತ್ತಿರಲಿಲ್ಲ. ಆ ಸಂಜೆ ನಮ್ಮ ಅಡುಗೆಮನೆಯಲ್ಲಿ ಏಳೆಂಟು ಹೆಂಗಸರು ಸೇರಿದರು. ಹದಿಮೂರು ವರ್ಷದ ನಾನು ಬಟ್ಟಲು ತೊಳೆಯುತ್ತಾ ಅವರ ಮುಖಗಳನ್ನು ನೋಡುತ್ತಿದ್ದೆ. ದೊಡ್ಡವರು ಹೆದರಿದರೆ ಹೇಗೆ ಕಾಣುತ್ತಾರೆಂದು ಅಂದು ತಿಳಿಯಿತು.

“ಡಾಕ್ಟ್ರಿಗೆ ಮೀಸೆ ಇದೆಯೇನೇ?” ಎಂದಳು ಅಮ್ಮ. ಅವಳು ಕೇಳಿದ ಮೊದಲ ಪ್ರಶ್ನೆಯೇ ಅದು.

“ಇಲ್ಲ ಕಣೇ. ಬೋಳು ಮುಖ, ಸುಲಿದ ಮೊಟ್ಟೆ ಥರ. ತುಟಿ ನೋಡ್ಬೇಕು ನೀನು, ಪೇಪರಿನ ದಪ್ಪಕ್ಷರ ಇದ್ದಂಗಿದೆ,” ಎಂದಳು ಪಾದಕ್ಕೆ ಪಟ್ಟಿ ಸುತ್ತಿಕೊಂಡಿದ್ದ ಜೆಸ್ಸಿ.

“ಪೈಪ್ ಸೇದ್ತಾನೋ ಏನೋ.”

“ಸೇದಿದ್ರೆ ಕೆಮ್ಮು. ಹೆಂಗಸು ಕೆಮ್ಮಿದ್ರೆ ಪೈಪ್ ತೆಗೀತಾನೆ, ಅಷ್ಟು ಮರ್ಯಾದೆ ಇರುತ್ತೆ ಅವ್ರಿಗೆಲ್ಲಾ.”

“ನಿಂಗೆ ತಮಾಷೆ. ಹೊಲಿಯೋ ಮನೆಗೆ ಹಾಕಿದ್ರೆ ನಾನು ಈ ಮೂರನ್ನ ಏನು ಮಾಡ್ಲಿ?”

“ಯಾರೂ ಎಲ್ಲಿಗೂ ಹೋಗಲ್ಲ ರೀನಾ. ಮುಖ ನೋಡು, ಉತ್ತರ ಹೇಳು, ಎದ್ದು ಬಾ. ದಿನಾ ಮಾಡೋ ಕೆಲ್ಸ ತಾನೇ.”

ಹಾಗೆಯೇ ಆಯಿತು. ಗಿರಣಿಯ ವೈದ್ಯರಾದ ಡಾಕ್ಟರ್ ವೀಮ್ಸ್ ಅವರು ಮೇಜಿನಾಚೆ ಆರಾಮವಾಗಿ ಕೂತು ಪಿಸುದನಿಯಲ್ಲಿ ಒಂದೊಂದು ಪದ ಹೇಳುವುದು, ಎದುರು ಕೂತವಳು ಅದನ್ನೇ ತಿರುಗಿ ಹೇಳುವುದು, ಪಕ್ಕದಲ್ಲಿ ಸಿಸ್ಟರ್ ಲಾಮಂಡ್ ಗುರುತು ಹಾಕುವುದು. ಪಿಸುಗುಟ್ಟುವವರು ತುಟಿಗಳನ್ನು ಎಂದಿಗಿಂತ ಹೆಚ್ಚು ಆಡಿಸುತ್ತಾರೆ. ನಲವತ್ತೊಂದು ಹೆಂಗಸರು ಎರಡು ದಿನಗಳಲ್ಲಿ ಒಂದೂ ತಪ್ಪದೆ ಉತ್ತರ ಕೊಟ್ಟು ಎದ್ದು ಬಂದರು. ಬಾಲ್ನಾಡಿಯ ಮಗ್ಗದ ಶಬ್ದದಿಂದ ಶ್ರವಣಶಕ್ತಿಗೆ ಯಾವ ಹಾನಿಯೂ ಇಲ್ಲವೆಂಬುದು ಸಾಬೀತಾಗಿದೆ ಎಂದು ವರದಿ ಗೇಟಿಗೆ ಅಂಟಿತು, ಕೆಳಗೆ ವೈದ್ಯರ ಸಹಿ, ದಾದಿಯ ಸಹಿ. ನಮ್ಮ ಹೆಂಗಸರು ಅದರ ಮುಂದೆ ನಿಂತು ನಕ್ಕರು, ಬೀದಿಯ ತಿರುವಿನಲ್ಲಿ ಬಿಸಿ ಈರುಳ್ಳಿ ಪೈ ಕೊಂಡು ತಿಂದರು. ಗೆದ್ದೆವೆಂದೇ ಎಲ್ಲರೂ ತಿಳಿದಿದ್ದೆವು. ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ನಲವತ್ತೊಂದು ಬಾರಿ ನುಡಿದು ಬಂದಿದ್ದಾರೆಂದು ಅಂದು ಯಾರಿಗೂ ಹೊಳೆಯಲಿಲ್ಲ.

ಒಬ್ಬರಿಗೆ ಹೊಳೆದಿತ್ತು. ಎರಡನೆಯ ದಿನ ಅಮ್ಮನ ಸರದಿ ನಡೆಯುವಾಗ, ಡಾಕ್ಟರು ಒಂದು ಪದದ ನಡುವೆ ಗಡಿಯಾರ ನೋಡಲು ಗೋಡೆಯತ್ತ ತಿರುಗಿದರು. ಅಲ್ಲಿಯವರೆಗೆ ನೀರಿನಂತೆ ಉತ್ತರಿಸುತ್ತಿದ್ದ ಅಮ್ಮ ಸುಮ್ಮನೆ ಕೂತಳು. ಅವರು ಮುಖ ತಿರುಗಿಸಿ ಮತ್ತೆ ಹೇಳಿದರು, ಅಮ್ಮ ತಕ್ಷಣ ಉತ್ತರಿಸಿದಳು. ಸಿಸ್ಟರ್ ಅವರ ಲೇಖನಿ ಅಷ್ಟು ಹೊತ್ತು ಕಾಗದದ ಮೇಲೆ ನಿಂತಿತ್ತು. ಅಮ್ಮ ಆಗ ಅವರನ್ನು ನೋಡಿದಳು. ಆ ನೋಟವನ್ನು ಕಂಡ ಮೇಲೆ ಸರಿ ಎಂದು ಗುರುತು ಹಾಕದೆ ಇರಲಾಗಲಿಲ್ಲ ಎಂದು ಅವರು ನನಗೆ ಬಹಳ ವರ್ಷಗಳ ನಂತರ ಹೇಳಿದರು.

ಮುಂದಿನ ಶನಿವಾರ ಮಧ್ಯಾಹ್ನ ಅವರು ನಮ್ಮ ಹಿತ್ತಲಿಗೆ ಬಂದರು. ಅಮ್ಮ ಬೆನ್ನು ಹಾಕಿ ಬಟ್ಟೆ ಒಣಹಾಕುತ್ತಿದ್ದಳು. ಮೂರು ಬಾರಿ ಹೆಸರು ಹಿಡಿದು ಕರೆದರು, ಮೂರನೆಯ ಬಾರಿ ಜೋರಾಗಿಯೇ. ಅಪರಿಚಿತರನ್ನು ಕಂಡ ಡೇವಿ ದಾರ ಎಳೆದ, ಅಮ್ಮ ತಿರುಗಿದಳು. ಸಿಸ್ಟರ್ ಆ ದಾರವನ್ನೇ ನೋಡುತ್ತಾ ನಿಂತಿದ್ದರು, ಅಮ್ಮ ಮಣಿಕಟ್ಟನ್ನು ಏಪ್ರನ್ನಿನೊಳಗೆ ಮುಚ್ಚಿಕೊಂಡಳು.

ಒಳಗೆ ಕರೆದು ಟೀ ಕೊಟ್ಟಾಯಿತು. “ಇನ್ನೊಂದು ಸಣ್ಣ ಪರೀಕ್ಷೆ ರೀನಾ, ನಮ್ಮಿಬ್ಬರಲ್ಲೇ, ಯಾರಿಗೂ ಹೇಳಲ್ಲ,” ಎಂದರು ಸಿಸ್ಟರ್. ಬಾಗಿಲ ಮೊಳೆಗೆ ನೇತುಹಾಕಿದ್ದ ಗೋಣಿತಾಟಿನ ತುಂಡನ್ನು ತೆಗೆದುಕೊಂಡು, ಅದು ಅಮ್ಮನೇ ನೇಯ್ದದ್ದು, ತಮ್ಮ ಬಾಯಿಗೆ ಅಡ್ಡವಾಗಿ ಹಿಡಿದರು. ಅದರ ಹಿಂದಿನಿಂದ, ನಾವು ದಿನವೂ ಮಾತಾಡುವಷ್ಟೇ ದನಿಯಲ್ಲಿ ಹೇಳಿದರು:

“ರೀನಾ, ನಿಮ್ಮ ಮಗ ಕಿಟಕಿ ಹತ್ತಿದಾನೆ, ಬೀಳ್ತಾನೆ ನೋಡಿ.”

ನಾನು ಕೈಯಲ್ಲಿದ್ದ ಬಟ್ಟಲು ಬಿಟ್ಟು ಕಿಟಕಿಯ ಕಡೆ ಓಡಿದೆ. ನಮ್ಮದು ಮೂರನೆಯ ಮಹಡಿ. ಡೇವಿ ಮೇಜಿನ ಕೆಳಗೆ ಬ್ರೆಡ್ಡು ಜಾಮು ತಿನ್ನುತ್ತಾ ಕೂತಿದ್ದ. ಹಿಂತಿರುಗಿ ನೋಡಿದರೆ ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು, ಮಡಿಲಲ್ಲಿ ಕೈಯಿಟ್ಟುಕೊಂಡು, ವಿನಯದಿಂದ ನಗುತ್ತಿದ್ದಳು.

“ಶುರು ಮಾಡಿ ಸಿಸ್ಟರ್,” ಎಂದಳು. “ನಾನು ರೆಡಿ.”

ಗೋಣಿ ಕೆಳಗಿಳಿಯಿತು. ಸಿಸ್ಟರ್ ಅವರ ಮುಖವನ್ನು, ನನ್ನ ಮುಖವನ್ನು, ನೆಲದ ಮೇಲೆ ಒಡೆದು ಬಿದ್ದಿದ್ದ ಬಟ್ಟಲನ್ನು ಅಮ್ಮ ಒಂದೊಂದಾಗಿ ನೋಡಿದಳು. ಒಡೆದದ್ದೂ ಅವಳಿಗೆ ಕೇಳಿಸಿರಲಿಲ್ಲ.

“ಹೇಳ್ಬೇಡಿ,” ಎಂದಳು. “ನಿಮ್ಮ ಕಾಲಿಗೆ ಬೀಳ್ತೀನಿ. ಮಗ್ಗ ಹೋದ್ರೆ ಸರ್ಕಾರದೋರು ಈ ಮಕ್ಕಳನ್ನ ಎತ್ಕೊಂಡು ಹೋಗ್ತಾರೆ.”

ಸಿಸ್ಟರ್ ಹೇಳಲಿಲ್ಲ. ಅವರು ಹೇಳಿದ ನಾಲ್ಕು ವರ್ಷಗಳು ಇವು. ಆ ಗೋಣಿತುಂಡನ್ನು ಅಮ್ಮನಿಂದ ಕೇಳಿ ಪಡೆದು, ತಮ್ಮ ಬಾಡಿಗೆ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಒಬ್ಬೊಬ್ಬರನ್ನೇ ಕೂರಿಸಿ, ಒಂದು ನೋಟ್‌ಬುಕ್ಕಿನಲ್ಲಿ ಹೆಸರಿಲ್ಲದೆ ಮಗ್ಗದ ಸಂಖ್ಯೆಯೊಂದಿಗೆ ಬರೆದಿಟ್ಟರು. ಬಂದವರು ಮೆಟ್ಟಿಲ ಬಳಿ ನಿಂತು ಹಿಂದೆ ಮುಂದೆ ನೋಡಿಯೇ ಹತ್ತುತ್ತಿದ್ದರು. ನೋಟ್‌ಬುಕ್ಕು ಬಟ್ಟೆಪಟ್ಟಿಗಳ ಪೆಟ್ಟಿಗೆಯ ತಳದಲ್ಲಿರುತ್ತಿತ್ತು. ಮ್ಯಾನೇಜರರು ಬೆರಳು ಕೊಯ್ದುಕೊಂಡು ಒಳಗೆ ಬಂದ ದಿನ, ಪೆಟ್ಟಿಗೆಗೆ ಅವರೇ ಕೈಹಾಕುವ ಮೊದಲು ಸಿಸ್ಟರ್ ಪಟ್ಟಿ ಎಳೆದು ಕೊಟ್ಟು, ಅವರು ಹೋದ ಮೇಲೆ ಮಂಚದ ಮೇಲೆ ಕೂತುಬಿಟ್ಟರಂತೆ. ಸುಳ್ಳು ವರದಿಗೆ ಸಹಿ ಹಾಕಿದ ದಾದಿಯ ಹೆಸರನ್ನು ದಾದಿಯರ ಪಟ್ಟಿಯಿಂದ ಹೊಡೆದು ಹಾಕುತ್ತಾರೆ. ಅದು ಅವರಿಗೆ ಗೊತ್ತಿತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಬೆಂಕಿಯದು. ಸೆಣಬಿನ ಧೂಳು ಕಿಡಿ ತಗುಲಿದರೆ ಹೇಗೆ ಹತ್ತುತ್ತದೆಂದು ಈ ಊರಿನಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಗಂಟೆ ಬಾರಿಸಿದರೆ ಓಡುವವರು ಯಾರು? ಮೆಕ್ಯಾನಿಕ್ಕುಗಳ ಅನುಕೂಲಕ್ಕೆಂದು ಸುಳ್ಳು ನೆಪ ಹೂಡಿ, ಆರು ತಿಂಗಳು ಬೆನ್ನುಹತ್ತಿ, ಗಂಟೆಯ ಜೊತೆಗೆ ಹೊತ್ತಿಕೊಳ್ಳುವ ಕೆಂಪು ದೀಪಗಳನ್ನು ಶೆಡ್ಡಿನ ನಾಲ್ಕೂ ಮೂಲೆಗೆ ಹಾಕಿಸಿದರು. ಯಾರ ಪ್ರಾಣ ಉಳಿಸಲು ಆ ದೀಪ ಎಂದು ಮ್ಯಾನೇಜರರಿಗೆ ಕೊನೆಯವರೆಗೂ ತಿಳಿಯಲಿಲ್ಲ.

೧೯೭೬ರಲ್ಲಿ ಬಾಲ್ನಾಡಿ ಮುಚ್ಚಿತು. ಕಳೆದುಕೊಳ್ಳಲು ಮಗ್ಗವೇ ಇಲ್ಲದ ಮೇಲೆ, ಸಂಘದವರು ಕಿವಿಯ ಹಾನಿಗೆ ಪರಿಹಾರ ಕೇಳಿದರು. ಕಂಪನಿಯವರು ಹೆಚ್ಚು ಮಾತಾಡದೆ ೧೯೭೨ರ ವರದಿಯನ್ನು ಮೇಜಿನ ಮೇಲಿಟ್ಟರು. ಮೊದಲು ವಿಚಾರಣೆಗೆ ಬಂದದ್ದು ಅಮ್ಮನ ಅರ್ಜಿ. ಅದು ಬಿದ್ದರೆ ಉಳಿದ ನಲವತ್ತೂ ಬೀಳುವಂತಿತ್ತು.

ಅಮ್ಮ ನೀಲಿ ಕೋಟು, ಹ್ಯಾಟು ಹಾಕಿಕೊಂಡು ಕೂತಿದ್ದಳು. ಡಂಡಿಯ ನೇಯುವವಳು ಹ್ಯಾಟಿಲ್ಲದೆ ಬೀದಿಗಿಳಿಯುವುದಿಲ್ಲ. ಕಂಪನಿಯ ವಕೀಲರು ಸೌಜನ್ಯದ ಯುವಕ, ಮುಖ ನುಣ್ಣಗಿತ್ತು.

“ನನ್ನ ಮಾತು ಕೇಳಿಸ್ತಿದೆಯಾ ಮೇಡಂ?”

“ಕೇಳಿಸ್ತಿದೆ ಸಾರ್,” ಎಂದಳು ಅಮ್ಮ. ಮೂವತ್ತೆರಡು ವರ್ಷದ ಅಭ್ಯಾಸ ಬಾಯಿಗೆ ಬಂದುಬಿಟ್ಟಿತು. ಕೋಣೆಯಲ್ಲಿ ಯಾರೋ ನಕ್ಕರು.

ಆಗ ಸಿಸ್ಟರ್ ಎದ್ದು ನಿಂತರು. ಅವರ ಕೈಯಲ್ಲಿದ್ದ ನೋಟ್‌ಬುಕ್ಕು ಆಗಲೇ ತೆರೆದಿದ್ದುದು ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೂ ಕಾಣುತ್ತಿತ್ತು. “ವರದಿಯ ಮೇಲಿನ ಸಹಿ ನನ್ನದೇ,” ಎಂದರು. “ಅದರಲ್ಲಿ ಒಂದು ಗುರುತು ಸುಳ್ಳು ಅಂತ ಗೊತ್ತಿದ್ದೇ ಹಾಕಿದೆ. ಈಕೆಗೆ ಕೇಳಿಸಲ್ಲ. ಕಣ್ಣು ಮುಚ್ಚಿಕೊಳ್ಳೋಕೆ ಹೇಳಿ, ನಿಮಗೇ ತಿಳಿಯುತ್ತೆ.”

ಅಮ್ಮ ಒಪ್ಪಲಿಲ್ಲ. ಪಾಠ ಹೇಳಿಕೊಟ್ಟಂತೆ ಕಾಣುತ್ತದೆಂದು ಸಿಸ್ಟರ್ ಇದನ್ನು ಅವಳಿಗೆ ಮೊದಲೇ ತಿಳಿಸಿರಲಿಲ್ಲ. ಚರ್ಚಿನಲ್ಲಿ ಪ್ರಾರ್ಥನೆಗೂ ಕಣ್ಣು ಮುಚ್ಚದವಳು ಅವಳು. ಪಾದ್ರಿಗಳು ಅದನ್ನು ಅಹಂಕಾರವೆಂದು ತಿಳಿದು ಒಮ್ಮೆ ಗದರಿಸಿದ್ದರು. ಕಣ್ಣು ಮುಚ್ಚಿದರೆ ಅವಳ ಪಾಲಿಗೆ ಲೋಕದ ಬಾಗಿಲು ಹಾಕಿಕೊಂಡಂತೆ, ಆಚೆ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ, ಯಾವುದೂ ತಿಳಿಯುವುದಿಲ್ಲ. ಅವಳು ನನ್ನತ್ತ ನೋಡಿದಳು. ನಾನು ಶಬ್ದವಿಲ್ಲದೆ, ತುಟಿಯಿಂದ, “ಮುಚ್ಚಮ್ಮಾ,” ಎಂದೆ. ಮುಚ್ಚಿದಳು.

ವಕೀಲರು ಅವಳ ಹೆಸರು ಕೇಳಿದರು. ಮಕ್ಕಳೆಷ್ಟೆಂದು ಕೇಳಿದರು. ದನಿಯೆತ್ತಿ ಕೇಳಿದರು. ಅಮ್ಮ ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೂತಿದ್ದಳು, ಹ್ಯಾಟಿನ ಕೆಳಗಿಂದ ಬೆವರು ಇಳಿಯುತ್ತಿತ್ತು. ಕೊನೆಗೆ ವಿಚಾರಣಾ ಮಂಡಳಿಯ ಅಧ್ಯಕ್ಷರೇ ಮೆತ್ತಗೆ, “ಸಾಕು ಶ್ರೀಮತಿ ಸ್ಟಿವನ್, ಕಣ್ಣು ತೆರೆಯಿರಿ,” ಎಂದರು. ಅವಳು ತೆರೆಯಲಿಲ್ಲ. “ದಯವಿಟ್ಟು ತೆರೆಯಿರಿ,” ಎಂದರು. ತೆರೆಯಲಿಲ್ಲ. ಮುಚ್ಚಲು ಹೇಳಿದವರು ತೆರೆಯಲು ಹೇಳುವುದು ಹೇಗೆಂದು ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ಯಾರೂ ಮುಟ್ಟಲೂ ಧೈರ್ಯ ಮಾಡಲಿಲ್ಲ. ಆಗ ಅಮ್ಮ, ಮಗ್ಗಗಳ ನಡುವೆ ಕೂಗುವ ದೊಡ್ಡ ಗಂಟಲಿನಲ್ಲಿ ಕೇಳಿದಳು:

“ಎಲ್ಲಾ ಇದ್ದೀರಾ?”

ಸಿಸ್ಟರ್ ಲಾಮಂಡ್ ನೋಟ್‌ಬುಕ್ಕನ್ನು ಬಿಟ್ಟು ಹೋಗಿ ಅವಳ ಮಣಿಕಟ್ಟನ್ನು ಬೆರಳಿನಿಂದ ಎರಡು ಬಾರಿ ತಟ್ಟಿದರು. ಅಮ್ಮ ಕಣ್ಣು ತೆರೆದಳು. ಅಧ್ಯಕ್ಷರು ತಮ್ಮ ಕಾಗದಗಳನ್ನು ನೋಡುತ್ತಿದ್ದರು, ವಕೀಲರು ಮತ್ತೆ ಪ್ರಶ್ನೆ ಕೇಳಲಿಲ್ಲ.

ಪರಿಹಾರ ಸಿಕ್ಕಿದ್ದು ಮೂವತ್ತೆಂಟು ಮಂದಿಗೆ. ಜೆಸ್ಸಿ ಸೇರಿ ಮೂವರು ಅಷ್ಟರೊಳಗೆ ತೀರಿಕೊಂಡಿದ್ದರು. ಸಿಸ್ಟರ್ ಅವರನ್ನು ಶಿಸ್ತು ಸಮಿತಿ ಕರೆಸಿ ಎಚ್ಚರಿಕೆ ಕೊಟ್ಟು ಬಿಟ್ಟಿತು, ಆದರೆ ಆ ಮೇಲೆ ಎರಡು ವರ್ಷ ಊರಿನ ಯಾವ ಕಾರ್ಖಾನೆಯೂ ಅವರಿಗೆ ಕೆಲಸ ಕೊಡಲಿಲ್ಲ. ೧೯೭೮ರಲ್ಲಿ ಸಂಘದವರು ಹಳೆಯ ಗೋದಾಮೊಂದರ ಎರಡು ಕೋಣೆಗಳಲ್ಲಿ ಶ್ರವಣ ಕೇಂದ್ರ ತೆರೆದಾಗ ಅಲ್ಲಿಗೆ ಬಂದರು. ಹಡಗು ಕಟ್ಟೆಯವರು, ಎರಕದ ಮನೆಯವರು, ಗಡಿಯಾರ ಕಾರ್ಖಾನೆಯವರು, ಯಾರು ಬಂದರೂ ಕುರ್ಚಿಯನ್ನು ಎದುರಿಗೆ ಎಳೆದುಕೊಂಡು, ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ಕೂತು, ಆಮೇಲೆಯೇ ಬಾಯಿ ತೆರೆಯುವುದು ಅವರ ಕ್ರಮ. ಆ ಗೋಣಿತುಂಡು ಕೇಂದ್ರದ ಗೋಡೆಯ ಮೇಲೆ ಇಂದಿಗೂ ಇದೆ. ೧೯೮೩ರಲ್ಲಿ ನಾನು ಸೇರಿದ ದಿನ ಅದನ್ನು ತೋರಿಸಿ, “ಇಲ್ಲಿ ಬರೋ ಪ್ರತಿಯೊಬ್ರೂ ಕೇಳಿಸುತ್ತೆ ಅಂತ್ಲೇ ಹೇಳ್ತಾರೆ. ನಂಬ್ಬೇಡ. ಯಾಕೆ ಹಾಗೆ ಹೇಳ್ತಾರೆ ಅಂತ ಕೇಳು, ಏನೋ ಹೆದರಿಕೆ ಇರುತ್ತೆ,” ಎಂದರು. ನನ್ನ ಮೊದಲ ಮಗುವಿಗೆ ಜ್ವರ ಬಂದು ಮೂರು ವಾರ ನಾನು ಕೆಲಸಕ್ಕೆ ಬಾರದಿದ್ದಾಗ ನನ್ನ ಪಾಲಿನ ಪರೀಕ್ಷೆಗಳನ್ನೆಲ್ಲ ತಾವೇ ಮಾಡಿ, ಅದನ್ನು ಇವತ್ತಿನವರೆಗೆ ಎತ್ತಿ ಆಡದವರು ಅವರು. ಬರೆಯಬೇಡವೆಂದು ಹೇಳಿರಲಿಲ್ಲವಾದ್ದರಿಂದ ಬರೆದಿದ್ದೇನೆ.

ಅಮ್ಮನಿಗೀಗ ಎಪ್ಪತ್ತನಾಲ್ಕು. ಎರಡು ವರ್ಷದಿಂದ ಕಣ್ಣು ಮಸುಕಾಗುತ್ತಾ ಬಂದು, ಕಳೆದ ಚಳಿಗಾಲದಿಂದ ಮುಖಗಳು ಕಾಣುವುದಿಲ್ಲ, ಬೆಳಕು ಕತ್ತಲೆಯಷ್ಟೇ ತಿಳಿಯುತ್ತದೆ. ಅಂದು ವಿಚಾರಣೆಯ ಕೋಣೆಯಲ್ಲಿ ಐದು ನಿಮಿಷ ಕೂತಿದ್ದ ಜಾಗಕ್ಕೆ ಅವಳು ಈಗ ಕಾಯಂ ಆಗಿ ಹೋಗಿ ಕೂತಿದ್ದಾಳೆ. ಯಾರಾದರೂ ಹಠಾತ್ತನೆ ಮುಟ್ಟಿದರೆ ಕಿರುಚುತ್ತಾಳೆ. ನನ್ನ ಮಕ್ಕಳು ಅಜ್ಜಿಯ ಹತ್ತಿರ ಹೋಗಲು ಹೆದರುತ್ತಿದ್ದರು, ನಿಜ ಹೇಳಬೇಕೆಂದರೆ ನಾನೂ ಹೆದರುತ್ತಿದ್ದೆ. ಇದನ್ನು ಸಿಸ್ಟರ್ ಅವರಿಗೆ ಹೇಳಿದ್ದು ಒಂದು ಸಲ, ಊಟದ ಬಿಡುವಿನಲ್ಲಿ, ಬೇರೆ ಏನೋ ಮಾತಿನ ನಡುವೆ. ಮುಂದಿನ ಮಂಗಳವಾರ ಅವರು ಒಂದು ಉಂಡೆ ಸೆಣಬಿನ ದಾರ ಹಿಡಿದು ನಮ್ಮ ಮನೆಗೆ ಬಂದರು. ಅಮ್ಮನ ಕುರ್ಚಿಯಿಂದ ಬಾಗಿಲವರೆಗೆ ದಾರ ಎಳೆದು, ಟಪಾಲು ಹಾಕುವ ಕಿಂಡಿಯಿಂದ ಅದರ ತುದಿಯನ್ನು ಹೊರಗೆ ಬಿಟ್ಟರು. ಒಂದು ಎಳೆತವಾದರೆ ನಾನು, ಮೂರಾದರೆ ಮಕ್ಕಳು, ಎರಡಾದರೆ ಸಿಸ್ಟರ್. ಅವಳ ಅಂಗೈ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ಮಾತಾಡುವುದನ್ನು ನಮಗೂ ಕಲಿಸಿದರು. ನಿವೃತ್ತಿಯ ನಂತರ ಏನು ಮಾಡುತ್ತೀರಿ ಎಂದು ಸಂಪಾದಕರು ಕೇಳಿದಾಗ, “ಮಂಗಳವಾರ ಗುರುವಾರ ಪುರುಸೊತ್ತಿಲ್ಲ,” ಎಂದರಂತೆ. ಅವರು ಹೋಗಿಬರುತ್ತಿರುವುದು ನಮ್ಮ ಮನೆಗೆ ಮಾತ್ರವಲ್ಲ. ಬಾಲ್ನಾಡಿಯವರು ಇನ್ನು ಒಂಬತ್ತು ಮಂದಿ ಉಳಿದಿದ್ದಾರೆ, ಅವರಲ್ಲಿ ನಾಲ್ವರಿಗೆ ಕಣ್ಣೂ ಹೋಗುತ್ತಿದೆ.

ಮೊನ್ನೆ ಮಂಗಳವಾರ ಬಸ್ಸು ತಡವಾಗಿ ಅವರು ಬರಲು ಮುಕ್ಕಾಲು ಗಂಟೆ ಹೆಚ್ಚಾಯಿತು. ನಾನು ಒಳಗೆ ಆಲೂಗೆಡ್ಡೆ ಸುಲಿಯುತ್ತಿದ್ದೆ. ದಾರದ ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಕೂತಿದ್ದ ಅಮ್ಮ ಇದ್ದಕ್ಕಿದ್ದಂತೆ, ಆ ಹಳೆಯ ಗಂಟಲಿನಲ್ಲಿ, ಬೀದಿಗೆ ಕೇಳಿಸುವಂತೆ, “ಎಲ್ಲಾ ಇದ್ದೀರಾ?” ಎಂದು ಕೂಗಿದಳು. ನಾನು ಕೈ ಒರೆಸಿಕೊಂಡು ಅವಳ ಬಳಿಗೆ ಹೊರಟೆ. ಅಷ್ಟರಲ್ಲಿ ದಾರ ಬಿಗಿಯಾಯಿತು. ಎರಡು ಸಲ.

ಸಿಸ್ಟರ್ ಎಲ್ಸ್‌ಪೆತ್ ಲಾಮಂಡ್ ಅವರಿಗೆ ಆಯುರಾರೋಗ್ಯಗಳಿರಲಿ, ಅವರ ಮೊಣಕಾಲಿಗೆ ನಮ್ಮ ಮೂರು ಮಹಡಿಗಳನ್ನು ಹತ್ತುವ ಬಲವಿರಲಿ, ನಮ್ಮ ಬಾಗಿಲ ಕಿಂಡಿಯಲ್ಲಿ ಆ ದಾರ ಇನ್ನೂ ಬಹಳ ವರ್ಷ ಮಂಗಳವಾರ ಗುರುವಾರಗಳಂದು ಎರಡು ಸಲ ಬಿಗಿಯಾಗುತ್ತಿರಲಿ ಎಂದು, ಉಳಿದ ಒಂಬತ್ತು ಮಂದಿಯ ಪರವಾಗಿ ನಾನು ಪ್ರಾರ್ಥಿಸುತ್ತೇನೆ.